ಬೀದರ್ ಥಂಡಿಗೂ ಕಲಬುರಗಿ ಬೀದಿಗೂ ಒಪ್ಪುವ ಜಾಕೆಟ್: ಆರಿಸುವ ಕ್ರಮ

ಪ್ರತಿ ನವೆಂಬರ್‌ನಲ್ಲಿ ನನ್ನ ಫೋನಿಗೆ ಮೂರೇ ಥರದ ಫೋಟೋ ಬರುತ್ತವೆ. ಮೊದಲನೆಯದರಲ್ಲಿ ಜಾಕೆಟ್‌ನ ಒಳಗಿನ ಪದರ ಹಾವಿನ ಪೊರೆಯ ಹಾಗೆ ಸುಲಿದಿರುತ್ತದೆ. ಎರಡನೆಯದರಲ್ಲಿ ಮನಾಲಿ ರೀಲ್ಸ್ ನೋಡಿ ತರಿಸಿದ ದಪ್ಪ ಪಫರ್, ಅಂದರೆ ಒಳಗೆ ತುಂಬಿ ದಿಂಬಿನ ಹಾಗೆ ಉಬ್ಬಿಸಿದ ಜಾಕೆಟ್ ಇರುತ್ತದೆ, ಜೊತೆಗೆ 'ಎರಡೇ ಸಲ ಹಾಕಿದ್ದು, ಸೆಖೆ ತಡೆಯೋಕಾಗಲ್ಲ' ಅಂತ ದೂರು. ಮೂರನೆಯದು, ವಾಟರ್‌ಪ್ರೂಫ್ ಅಂತ ಕೊಂಡು ಹುಮನಾಬಾದ್ ದಾರಿಯಲ್ಲಿ ಒಳಗಿನ ಅಂಗಿಯವರೆಗೂ ನೆಂದವರದು.

ಮೂರಕ್ಕೂ ಕಾರಣ ಹೆಚ್ಚುಕಮ್ಮಿ ಒಂದೇ. ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಬೆಲೆ, ಆಮೇಲೆ ಬ್ರ್ಯಾಂಡು. ಎಲ್ಲಿ ಹಾಕ್ತೀವಿ, ಎಷ್ಟು ಬೆವರ್ತೀವಿ ಅನ್ನೋದು ಬಿಲ್ ಆದ ಮೇಲೆ ನೆನಪಾಗುತ್ತದೆ. ಬೆಟ್ಟಕ್ಕೆ ಅಂತ ಮಾಡಿದ ಜಾಕೆಟ್ ಬೀದಿಯಲ್ಲೂ ಚೆಂದ ಕಾಣಬೇಕು ಅನ್ನುವುದು ತಪ್ಪು ಆಸೆಯೇನಲ್ಲ. ಕ್ರಮ ತಿರುಗಿಸಿದರೆ ಸಾಕು.

## ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು

ಅಳತೆ ಟೇಪು, ನಿಮಗೆ ಸರಿಯಾಗಿ ಕೂರುವ ಒಂದು ಅಂಗಿ, ಒಂದು ಬಾಟಲಿ ನೀರು, ಫೋನಿನ ಟಾರ್ಚ್. ಅಂಗಡಿಗೆ ಹೋಗುವಾಗ ದಿನಾ ಹಾಕುವ ಹೆಲ್ಮೆಟ್ಟನ್ನೂ ಬೆನ್ನಿನ ಬ್ಯಾಗನ್ನೂ ಬಿಟ್ಟು ಹೋಗಬೇಡಿ. ಅರ್ಧ ತೋಳಿನ ಟೀ ಶರ್ಟ್ ಹಾಕಿಕೊಂಡೇ ಹೋಗಿ. ಯಾಕೆ ಅಂತ 4ನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 1: ಎಲ್ಲೆಲ್ಲಿ ಹಾಕ್ತೀರಿ, ಬರೆದಿಡಿ

ಸುಮ್ನೆ ಯೋಚಿಸಿದರೆ ಆಗಲ್ಲ, ಬರೆಯಿರಿ. ಹೋದ ವರ್ಷ ಜಾಕೆಟ್ ಬೇಕೆನಿಸಿದ ದಿನಗಳನ್ನು ನೆನಪಿಸಿಕೊಳ್ಳಿ. ನಮ್ಮ ಕಡೆಯ ಹೆಚ್ಚಿನವರ ಪಟ್ಟಿ ಹೀಗೇ ಇರುತ್ತದೆ: ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೈಕ್. ಆಗಸ್ಟ್, ಸೆಪ್ಟೆಂಬರ್ ಮಳೆ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ನ ಎಸಿ ಬೋಗಿ. ವರ್ಷಕ್ಕೊಮ್ಮೆ ಮುಳ್ಳಯ್ಯನಗಿರಿಯೋ ಕುಮಾರ ಪರ್ವತವೋ. ಬಿಡುವಿದ್ದರೆ ಚಿಂಚೋಳಿ ಕಾಡು, ಶಹಾಪುರದ ಬುದ್ಧ ಮಲಗಿದ ಗುಡ್ಡ.

ಈಗ ಪ್ರತಿಯೊಂದರ ಎದುರು ಥಂಡಿ, ಗಾಳಿ, ಮಳೆ, ಬೆವರು, ಈ ನಾಲ್ಕರಲ್ಲಿ ಯಾವುದು ಜಾಸ್ತಿ ಅಂತ ಬರೆಯಿರಿ. ಬೀದರ್ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿ ಜನವರಿಯ ಬೆಳಗು ಕೆಲ ದಿನ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕಲಬುರಗಿ, ಯಾದಗಿರಿ ತಗ್ಗಿನಲ್ಲಿವೆ, ಅಷ್ಟು ಥಂಡಿ ಇಲ್ಲ. ಆದರೆ ಮೂರೂ ಕಡೆ ಹತ್ತು ಗಂಟೆಗೆ ಬಿಸಿಲು ಚುರುಕಾಗುತ್ತದೆ. ಅಂದರೆ ನಮಗೆ ಥಂಡಿ ಇರುವುದು ಎರಡು ಮೂರು ತಾಸು, ಅದರಲ್ಲೂ ಜಾಸ್ತಿ ಕಾಡುವುದು ಬೈಕಿನ ಗಾಳಿ. ಉಳಿದ ದಿನವೆಲ್ಲ ಜಾಕೆಟ್ ಮೈಮೇಲೆ ಇಲ್ಲವೇ ಬ್ಯಾಗಿನಲ್ಲಿ ಇರಬೇಕು. ಮಡಚಿ ಬ್ಯಾಗಿಗೆ ಹಾಕಲು ಆಗದ ಜಾಕೆಟ್ ನಮಗೆ ಅರ್ಧ ದಂಡ.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ 'ಹಿಮ' ಅನ್ನುವ ಪದ ಒಂದೇ ಸಲ, ಅದೂ 'ಮುಂದೆ ಯಾವಾಗಾದರೂ ಹೋಗಬೇಕು' ಅಂತ ಬಂದಿದ್ದರೆ ಅದನ್ನು ಹೊಡೆದುಹಾಕಿ. ಹೋಗುವಾಗ ಅಲ್ಲೇ ಬಾಡಿಗೆಗೆ ಸಿಗುತ್ತದೆ.

## ಹಂತ 2: ಯಾವ ಬಗೆ ಅಂತ ತೀರ್ಮಾನಿಸಿ

ಅಂಗಡಿಯಲ್ಲಿ ಎಲ್ಲದಕ್ಕೂ 'ಜಾಕೆಟ್' ಅನ್ನುತ್ತಾರೆ. ಒಳಗೆ ಐದು ಬಗೆ ಇವೆ.

ವಿಂಡ್‌ಚೀಟರ್ ಅಂದರೆ ತೆಳು ನೈಲಾನ್, ಒಳಗೆ ಅಸ್ತರ್ ಇಲ್ಲ, ತೂಕ 100ರಿಂದ 200 ಗ್ರಾಂ. ಗಾಳಿ ತಡೆಯುತ್ತದೆ, ನಾಲ್ಕು ಹನಿ ತಡೆಯುತ್ತದೆ, ಮುಷ್ಟಿಯಷ್ಟಾಗಿ ಮಡಚುತ್ತದೆ. ನಮ್ಮ ಮೂರು ಜಿಲ್ಲೆಗೆ ಜಾಸ್ತಿ ದಿನ ಬಳಕೆಗೆ ಬರುವುದು ಇದೇ. ಬೇಸರದ ಮಾತೆಂದರೆ ಇದನ್ನೇ ಯಾರೂ ಕೇಳುವುದಿಲ್ಲ, ದಪ್ಪಗಿಲ್ಲ ಅಂತ.

ರೇನ್ ಶೆಲ್ ನಿಜವಾದ ಮಳೆಗೆ. ನೀರು ಬಿಡದ ಪದರ, ಹೊಲಿಗೆಗೆ ಟೇಪು, ಟೋಪಿ. ಒಂದೇ ಜಾಕೆಟ್ ಕೊಳ್ಳುವ ಕಾಸಿದ್ದರೆ ಇದನ್ನು ಕೊಳ್ಳಿ, ಒಳಗೆ ಒಂದು ತೆಳು ಫ್ಲೀಸ್ (ಉಣ್ಣೆಯ ಹಾಗೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆಯದು) ಹಿಡಿಯುವ ಸೈಜಿನಲ್ಲಿ. ಶೆಲ್ ಮತ್ತು ಫ್ಲೀಸ್ ಸೇರಿದರೆ ಬೀದರ್‌ನ ಬೆಳಗು ಆರಾಮಾಗಿ ಕಳೆಯುತ್ತದೆ. ಬಿಸಿಲೇರಿದಾಗ ಒಂದನ್ನು ಬಿಚ್ಚಬಹುದು. ದಪ್ಪ ಜಾಕೆಟ್‌ನಲ್ಲಿ ಅರ್ಧ ಬಿಚ್ಚುವ ದಾರಿ ಇಲ್ಲ, ಅಲ್ವಾ?

ಸಾಫ್ಟ್‌ಶೆಲ್ ಸ್ವಲ್ಪ ಹಿಗ್ಗುವ, ಮೆತ್ತನೆಯ ಬಟ್ಟೆಯದು. ಬೀದಿಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ, ಸದ್ದಿಲ್ಲ, ಹೊಳಪಿಲ್ಲ. ಆದರೆ ಜೋರು ಮಳೆಗೆ ನಿಲ್ಲುವುದಿಲ್ಲ. ಮಳೆಗೆ ಬೇರೆ ರೇನ್‌ಕೋಟ್ ಇದ್ದವರಿಗೆ ನಾನು ಇದನ್ನೇ ಹೇಳುತ್ತೇನೆ.

ಫ್ಲೀಸ್ ಬೆಚ್ಚಗಿರುತ್ತದೆ, ಆದರೆ ಗಾಳಿ ಸೀದಾ ಒಳಗೆ ಬರುತ್ತದೆ. ಬೈಕ್‌ಗೆ ಇದೊಂದೇ ಸಾಲದು. ಇನ್ನು ಪಫರ್. ಅದರಲ್ಲಿ ಹಕ್ಕಿಯ ಮೆತ್ತನೆಯ ಪುಕ್ಕ, ಅಂದರೆ ಡೌನ್, ತುಂಬಿದ್ದು ಒದ್ದೆಯಾದರೆ ಮುದ್ದೆಯಾಗುತ್ತದೆ, ಬಿಸಿ ಹಿಡಿಯುವುದಿಲ್ಲ. 600, 800 ಅಂತ ಬರೆದ ಫಿಲ್ ಪವರ್ ನೋಡಿ 'ಇದು ಜಾಸ್ತಿ ಬೆಚ್ಚಗೆ' ಅಂದುಕೊಳ್ಳಬೇಡಿ. ಅದು ಒಂದು ನಿಗದಿತ ತೂಕದ ಪುಕ್ಕ ಎಷ್ಟು ಉಬ್ಬುತ್ತದೆ ಅನ್ನುವ ಲೆಕ್ಕ. ಒಟ್ಟು ಎಷ್ಟು ಗ್ರಾಂ ತುಂಬಿದ್ದಾರೆ ಅನ್ನುವುದೂ ಗೊತ್ತಾಗಬೇಕು. ಕಲಬುರಗಿಯಲ್ಲಿ ಇದ್ದುಕೊಂಡು ಪಫರ್ ಕೊಳ್ಳಬೇಡಿ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಬೈಕ್ ಓಡಿಸುವವರು ಇನ್ನೊಂದು ಮಾತು ಕೇಳಿ. ಇವು ಯಾವುವೂ ಬಿದ್ದರೆ ಕಾಪಾಡುವ ಜಾಕೆಟ್ ಅಲ್ಲ. ಡಾಂಬರಿಗೆ ಉಜ್ಜಿದರೆ ತೆಳು ನೈಲಾನ್ ಹರಿಯುತ್ತದೆ, ಕರಗಿ ಚರ್ಮಕ್ಕೂ ಅಂಟಬಹುದು. ಮೊಣಕೈ, ಭುಜಕ್ಕೆ ಪ್ಯಾಡ್ ಇರುವ ರೈಡಿಂಗ್ ಜಾಕೆಟ್ ಬೇರೆಯೇ ವಸ್ತು.

## ಹಂತ 3: ಚೀಟಿಯ ಮೇಲಿನ ಅಂಕಿ ಓದಿ

ಮೊದಲು ಪದ. 'ವಾಟರ್ ರೆಪೆಲೆಂಟ್' ಅಂದರೆ ಹನಿ ಜಾರುತ್ತದೆ ಅಷ್ಟೇ. 'ವಾಟರ್‌ಪ್ರೂಫ್' ಅಂದರೆ ಬಟ್ಟೆ ನೀರು ಬಿಡುವುದಿಲ್ಲ, ಹೊಲಿಗೆಯ ಕಥೆ ಬೇರೆ. ನೆಂದು ಬಂದವರಲ್ಲಿ ಬಹಳ ಜನ ಮೊದಲ ಪದವನ್ನು ಎರಡನೆಯದಾಗಿ ಓದಿದವರು.

ಆಮೇಲೆ ಮಿಲಿಮೀಟರ್ ಲೆಕ್ಕ. 5,000 ಮಿ.ಮೀ. ಅಂದರೆ ಬಟ್ಟೆಯ ಮೇಲೆ ಅಷ್ಟು ಎತ್ತರ ನೀರು ನಿಲ್ಲಿಸಿದರೂ ಒಳಗೆ ಬರಲಿಲ್ಲ ಅಂತ. ಊರೊಳಗಿನ ಸಾಧಾರಣ ಮಳೆಗೆ ಇಷ್ಟು ಸಾಕು. ಬೈಕಿನ ವೇಗಕ್ಕೆ ಹನಿ ಜೋರಾಗಿ ಬಡಿಯುತ್ತದೆ, ಬ್ಯಾಗಿನ ಪಟ್ಟಿ ಭುಜವನ್ನು ಒತ್ತುತ್ತದೆ. ಹಾಗಾಗಿ ಬೈಕಿಗೂ ಮಲೆನಾಡಿನ ಚಾರಣಕ್ಕೂ 10,000 ಮಿ.ಮೀ. ನೋಡಿ. 20,000ಕ್ಕೆ ಕಾಸು ಸುರಿಯುವುದು ನಮ್ಮ ಕಡೆ ಬೇಕಿಲ್ಲ.

ಎರಡನೆಯ ಅಂಕಿ ಉಸಿರಾಟದ್ದು. ಒಂದು ಚದರ ಮೀಟರ್ ಬಟ್ಟೆಯಿಂದ 24 ತಾಸಿನಲ್ಲಿ ಎಷ್ಟು ಗ್ರಾಂ ಬೆವರಿನ ಆವಿ ಹೊರಗೆ ಹೋಗುತ್ತದೆ ಅಂತ ಅರ್ಥ. 10,000 ಗ್ರಾಂ ಇದ್ದರೆ ಒಳ್ಳೆಯದು. ಕೆಲವು ಚೀಟಿಯಲ್ಲಿ ಇದರ ಬದಲು 'ಆರ್‌ಇಟಿ' ಇರುತ್ತದೆ. ಅದು ಉಲ್ಟಾ ಲೆಕ್ಕ, ಅಂಕಿ ಕಡಿಮೆ ಇದ್ದಷ್ಟೂ ಚೆನ್ನಾಗಿ ಉಸಿರಾಡುತ್ತದೆ. 6ರೊಳಗೆ ಇದ್ದರೆ ಬಹಳ ಒಳ್ಳೆಯದು, 12ರವರೆಗೂ ತೊಂದರೆ ಇಲ್ಲ.

ಆದರೆ ಈ ಅಂಕಿಯನ್ನೇ ನಂಬಿ ಕೂರಬೇಡಿ, ನಮ್ಮ ಕಡೆ ಅದು ಕೈಕೊಡುತ್ತದೆ. ಗೋರ್‌ಟೆಕ್ಸ್ ಥರದ ಬಟ್ಟೆಯಲ್ಲಿ ಒಂದು ತೆಳು ಪೊರೆ ಇರುತ್ತದೆ. ನೀರಿನ ಹನಿಯನ್ನು ಅದು ಒಳಗೆ ಬಿಡುವುದಿಲ್ಲ, ಆವಿಯನ್ನು ಹೊರಗೆ ಬಿಡುತ್ತದೆ. ಆವಿ ಹೊರಗೆ ಹೋಗಬೇಕಾದರೆ ಒಳಗೆ ಬಿಸಿ ಮತ್ತು ತೇವ ಜಾಸ್ತಿ ಇರಬೇಕು, ಹೊರಗೆ ಕಡಿಮೆ ಇರಬೇಕು. ಹಿಮದ ನಾಡಿನಲ್ಲಿ ಆ ವ್ಯತ್ಯಾಸ ದೊಡ್ಡದು. ಆಗಸ್ಟ್ ಮಳೆಯಲ್ಲಿ ಯಾದಗಿರಿಯ ಹೊರಗೂ ಸೆಖೆ, ಜಾಕೆಟ್ಟಿನ ಒಳಗೂ ಸೆಖೆ. ಆವಿ ಹೋಗುವುದಾದರೂ ಎಲ್ಲಿಗೆ? ಅದಕ್ಕೇ ನಮಗೆ ಪೊರೆಗಿಂತ ಕಿಟಕಿ ಮುಖ್ಯ. ಕಂಕುಳ ಕೆಳಗೆ ಜಿಪ್ ಇದೆಯಾ? ಜೇಬಿನ ಒಳಬದಿ ಜಾಳಿಗೆ ಬಟ್ಟೆಯದಾ, ತೆರೆದರೆ ಗಾಳಿ ಆಡುತ್ತಾ? ಬೆನ್ನ ಮೇಲೆ ಗಾಳಿಕಿಂಡಿ ಇದೆಯಾ? ಕಂಕುಳ ಜಿಪ್ ಇರುವ ಸಾಧಾರಣ ಶೆಲ್, ಅದಿಲ್ಲದ ದುಬಾರಿ ಶೆಲ್‌ಗಿಂತ ನಮಗೆ ಮೇಲು.

ಎಚ್ಚರಿಕೆಯ ಗುರುತು: ಅಂಕಿಯೇ ಇಲ್ಲದೆ ಬರೀ '100% ವಾಟರ್‌ಪ್ರೂಫ್' ಅಂತ ದೊಡ್ಡದಾಗಿ ಬರೆದಿರುವುದು. ಒಗೆಯುವ ಚೀಟಿ ಇಲ್ಲದಿರುವುದು. ದೊಡ್ಡ ಬ್ರ್ಯಾಂಡಿನ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇರುವುದು.

## ಹಂತ 4: ಒಳಗಿನದನ್ನು ಹೊರಗೆ ತಿರುಗಿಸಿ

ಅಂಗಡಿಯವರು ಮುಖ ನೋಡುತ್ತಾರೆ, ನೋಡಲಿ. ಜಾಕೆಟ್ಟಿನ ನಿಜ ಇರುವುದು ಒಳಗೆ.

ಟಾರ್ಚ್ ಹಾಕಿ ಹೊಲಿಗೆ ನೋಡಿ. ವಾಟರ್‌ಪ್ರೂಫ್ ಅಂದಮೇಲೆ ಪ್ರತಿ ಹೊಲಿಗೆಯ ಮೇಲೆ ಬೆರಳಗಲದ ಟೇಪು ಅಂಟಿಸಿರಬೇಕು. ಕೆಲವರು ಭುಜಕ್ಕೂ ಟೋಪಿಗೂ ಮಾತ್ರ ಅಂಟಿಸಿ ಬಿಡುತ್ತಾರೆ. ಊರ ಮಳೆಗೆ ಅದು ನಡೆಯುತ್ತದೆ, ಘಟ್ಟದ ಮಳೆಗೆ ನಡೆಯಲ್ಲ. ಟೇಪಿನ ತುದಿ ಉಗುರಿಗೆ ಏಳುತ್ತಿದ್ದರೆ ವಾಪಸ್ ಇಡಿ.

ಈಗ ಪದರ. ಎರಡು ಪದರದ್ದರಲ್ಲಿ ಒಳಗೆ ಜಾಳಿಗೆ ಅಸ್ತರ್ ಸಡಿಲವಾಗಿ ಇಳಿಬಿದ್ದಿರುತ್ತದೆ. ಎರಡೂವರೆ ಪದರದ್ದರಲ್ಲಿ ಅಸ್ತರ್ ಇಲ್ಲ, ಒಳಬದಿಗೆ ತೆಳು ಲೇಪನ ಅಥವಾ ಚುಕ್ಕಿ ಚುಕ್ಕಿ ಅಚ್ಚು ಮಾತ್ರ. ಮೂರು ಪದರದ್ದು ಒಂದೇ ಬಟ್ಟೆಯ ಹಾಗೆ ಕಾಣುತ್ತದೆ, ಬೆಲೆ ಜಾಸ್ತಿ. ಅರ್ಧ ತೋಳಿನ ಟೀ ಶರ್ಟ್ ಹಾಕಿ ಬನ್ನಿ ಅಂದಿದ್ದೆನಲ್ಲ, ಇಲ್ಲಿ ಬೇಕು ಅದು. ಎರಡೂವರೆ ಪದರದ್ದನ್ನು ಬರಿತೋಳಿಗೆ ಹಾಕಿ ಐದು ನಿಮಿಷ ಅಂಗಡಿಯಲ್ಲೇ ಓಡಾಡಿ. ಬೆವರಿಗೆ ಮುಂಗೈ ಅಂಟಿಕೊಂಡು ಪಿಚಪಿಚ ಅಂದರೆ ಗೊತ್ತಾಯಿತಲ್ಲ. ಎಸಿ ಇರುವ ಅಂಗಡಿಯಲ್ಲೇ ಹೀಗಾದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯ ಗದ್ದಲದಲ್ಲಿ ಏನಾಗಬಹುದು. ದಿನಾ ಹಾಕುವವರಿಗೆ ಎರಡು ಪದರದ್ದು ಒಳ್ಳೆಯದು. ಸ್ವಲ್ಪ ಭಾರ, ಆದರೆ ಮೈಗೆ ಅಂಟುವುದಿಲ್ಲ.

ಗಾಳಿ ತಡೆಯುತ್ತಾ ಅಂತ ನೋಡಲು ತೋಳನ್ನು ಬಾಯಿಗೆ ಒತ್ತಿ ಊದಿ. ಆಚೆ ಬದಿ ಅಂಗೈಗೆ ಉಸಿರು ತಾಗಬಾರದು. ಜಿಪ್ಪನ್ನು ಒಂದೇ ಕೈಯಲ್ಲಿ ಹತ್ತು ಸಲ ಏರಿಸಿ ಇಳಿಸಿ. ಒಳ ಅಂಚಿನ ಬಟ್ಟೆ ಪದೇ ಪದೇ ಕಚ್ಚಿಕೊಂಡರೆ ಬೇಡ. ಜಾಕೆಟ್ಟುಗಳಲ್ಲಿ ಮೊದಲು ಸಾಯುವುದು ಜಿಪ್ಪೇ.

ಇಲ್ಲಿ ನನ್ನದೇ ಎಡವಟ್ಟು ಹೇಳಬೇಕು. ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ ರಸ್ತೆ ಬದಿ ಹಾಕುವ ಟೆಂಟಿನಲ್ಲಿ ಒಂದು ಕಪ್ಪು ಶೆಲ್ ಹಿಡಿಸಿತು. 'ಅಣ್ಣಾರ, ಒಳಗ ಕೈ ಹಾಕಿ ನೋಡ್ರಿ, ಹೆಂಗ್ ಮೆತ್ತಗ ಅದ' ಅಂದ ಹುಡುಗ. ಕೈ ಹಾಕಿದೆ, ಮೆತ್ತಗಿತ್ತು, ಕೊಂಡೆ. ಮೂಗು ಹತ್ತಿರ ಒಯ್ಯಲಿಲ್ಲ. ಮನೆಗೆ ಬಂದ ಮೇಲೆ ನಮ್ಮವ್ವ ಮೂಸಿ, 'ಇದೇನು ಹಳೇ ರೆಗ್ಜಿನ್ ವಾಸನಿ' ಅಂದಳು. ಲೇಪನ ಹಳತಾಗಿ ಕೆಡಲು ಶುರುವಾದಾಗ ಹಾಗೆ ಹುಳಿ ವಾಸನೆ ಬರುತ್ತದೆ. ಮೇ ತಿಂಗಳಲ್ಲಿ ಕಪಾಟು ತೆರೆದರೆ ಕೊರಳಪಟ್ಟಿಯ ಒಳಬದಿಯಿಂದ ಬಿಳಿ ಹೊಟ್ಟು ಉದುರುತ್ತಿತ್ತು. ಎಷ್ಟೋ ವರ್ಷ ಗೋಡೌನಿನಲ್ಲಿ ಬಿದ್ದಿದ್ದ ಮಾಲು ಇರಬೇಕು. ಮೂಸಿ ನೋಡಿ, ಬೆರಳಿನಿಂದ ಉಜ್ಜಿ ನೋಡಿ. ಅಂಟಂಟು ಅನಿಸಿದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

## ಹಂತ 5: ಅಳತೆ, ಬೈಕಿನ ಮೇಲೆ ಕೂತ ಹಾಗೆ

ಎಂ, ಎಲ್, ಎಕ್ಸ್‌ಎಲ್ ಅಕ್ಷರವನ್ನು ನಂಬಬೇಡಿ. ಅಮೆರಿಕದ ಅಳತೆಯ ಎಂ ನಮ್ಮವರ ಎಲ್‌ನಷ್ಟು ದೊಡ್ಡದಿರುತ್ತದೆ. ಎದೆಯ ಸುತ್ತಳತೆ ಟೇಪಿನಲ್ಲಿ ತೆಗೆಯಿರಿ. ಶೆಲ್‌ನ ಸುತ್ತಳತೆ ಅದಕ್ಕಿಂತ 4ರಿಂದ 6 ಇಂಚು ಜಾಸ್ತಿ ಇರಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವವರು ಒಪ್ಪುವ ಅಂಗಿಯನ್ನು ನೆಲದ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು, ಅಲ್ಲಿ ಕೊಟ್ಟ ಅಳತೆಯ ಜೊತೆ ಹೋಲಿಸಿ. ಅಲ್ಲಿ ಕೊಟ್ಟಿದ್ದು ಮೈಯ ಅಳತೆಯಾ, ಬಟ್ಟೆಯ ಅಳತೆಯಾ ಅಂತ ಮೊದಲು ನೋಡಿ. ಹೆಚ್ಚಿನ ತಪ್ಪು ನಡೆಯುವುದೇ ಇಲ್ಲಿ.

ಹಾಕಿಕೊಂಡ ಮೇಲೆ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಬೇಡಿ. ಎರಡೂ ಕೈ ಮೇಲೆತ್ತಿ, ಹೊಟ್ಟೆ ಕಾಣಬಾರದು. ಕುರ್ಚಿಯ ಮೇಲೆ ಬೈಕ್ ಹಿಡಿದ ಹಾಗೆ ಕೂತು ಕೈ ಮುಂದೆ ಚಾಚಿ. ಬೆನ್ನ ಕೆಳಗೆ ಸೊಂಟ ಬಯಲಾದರೆ ಬೆಳಗಿನ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ತೋಳು ಗಿಡ್ಡವಾಗಿ ಮಣಿಕಟ್ಟು ಕಂಡರೆ ಮಳೆ ನೀರು ಮೊಣಕೈವರೆಗೂ ಹರಿಯುತ್ತದೆ. ಹೆಲ್ಮೆಟ್ ಹಾಕಿ ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ. ಎತ್ತರದ ಕೊರಳಪಟ್ಟಿ ಹೆಲ್ಮೆಟ್ಟಿನ ಬುಡಕ್ಕೆ ತಗುಲಿ ತಡೆಯಬಾರದು. ಟೋಪಿಯನ್ನು ಮಡಚಿ ಕಟ್ಟುವ ಅಥವಾ ಬಿಚ್ಚಿಡುವ ಅನುಕೂಲ ಇರಲಿ, ಇಲ್ಲದಿದ್ದರೆ ಓಡುವಾಗ ಗಾಳಿ ತುಂಬಿ ಕುತ್ತಿಗೆ ಎಳೆಯುತ್ತದೆ.

ಬ್ಯಾಗ್ ಹಾಕಿಕೊಂಡು ಜೇಬಿಗೆ ಕೈ ಹಾಕಿ ನೋಡಿ. ಚಾರಣದ ಜಾಕೆಟ್‌ಗಳಲ್ಲಿ ಬ್ಯಾಗಿನ ಸೊಂಟಪಟ್ಟಿಗೆ ಅಡ್ಡ ಬರದಿರಲಿ ಅಂತ ಜೇಬನ್ನು ಪಕ್ಕೆಯ ಹತ್ತಿರ, ಎತ್ತರಕ್ಕೆ ಇಟ್ಟಿರುತ್ತಾರೆ. ಬೆಟ್ಟಕ್ಕೆ ಸರಿ. ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಚಹಾ ಕುಡಿಯುತ್ತಾ ನಿಂತಾಗ ಎದೆಯ ಮಟ್ಟಕ್ಕೆ ಕೈ ಇಟ್ಟುಕೊಂಡು ನಿಲ್ಲಬೇಕಾಗುತ್ತದೆ.

## ಹಂತ 6: ಈಗ ಚೆಂದ

ಇಲ್ಲಿಯವರೆಗೆ ಉಳಿದ ಎರಡು ಮೂರು ಜಾಕೆಟ್‌ಗಳಲ್ಲಿ ಚೆಂದದ್ದನ್ನು ಆರಿಸಿ. ಈ ಹಂತವನ್ನು ಮೊದಲಿಗೆ ತಂದರೆ ಮೇಲಿನದೆಲ್ಲ ವ್ಯರ್ಥ.

ಬಣ್ಣವನ್ನು ನಿಮ್ಮ ಊರಿನ ಧೂಳು ನೋಡಿ ಆರಿಸಿ. ನಗಬೇಡಿ, ನಿಜ. ಕಲಬುರಗಿ, ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲಿನ ಮತ್ತು ಸಿಮೆಂಟಿನ ಧೂಳು ಬೂದಿಬಿಳಿ. ಕಪ್ಪು ಜಾಕೆಟ್ ಮೇಲೆ ಒಂದೇ ದಿನದಲ್ಲಿ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ. ಬೀದರ್‌ನ ಕೆಂಪು ಮಣ್ಣು ಕೆನೆ ಬಣ್ಣದ್ದರ ಕೈತುದಿಯಲ್ಲಿ ಕೂತರೆ ಹೋಗುವುದೇ ಇಲ್ಲ. ನನಗೆ ಹಿಡಿಸಿರುವುದು ಮೂರು: ಮಸುಕು ಹಸಿರು, ಇಲಿ ಬಣ್ಣ, ಖಾಕಿ. ಜೀನ್ಸಿಗೂ ಫಾರ್ಮಲ್ ಪ್ಯಾಂಟಿಗೂ ಮೂರೂ ಕೂಡುತ್ತವೆ. ಕಿತ್ತಳೆ, ಗಿಣಿಹಸಿರು ಬೆಟ್ಟದಲ್ಲಿ ದೂರದಿಂದ ಕಾಣಲಿ ಅಂತ ಮಾಡಿದ ಬಣ್ಣ. ಅವನ್ನು ಹಾಕುವ ಧೈರ್ಯ ಇದ್ದರೆ ಉಳಿದದ್ದೆಲ್ಲ ತೀರಾ ಸಾದಾ ಇರಲಿ.

ಹೊಳಪು ಇನ್ನೊಂದು. ಮಿಂಚುವ ನೈಲಾನ್ ಎಷ್ಟೇ ದುಬಾರಿಯಾದರೂ ರೇನ್‌ಕೋಟಿನ ಹಾಗೆ ಕಾಣುತ್ತದೆ. ಮಂಕು ಮೇಲ್ಮೈ, ಸ್ವಲ್ಪ ಹತ್ತಿಯ ಹಾಗೆ ಕಾಣುವ ನೇಯ್ಗೆ ಬೀದಿಗೆ ಒಪ್ಪುತ್ತದೆ. ಸದ್ದನ್ನೂ ಕೇಳಿ. ತೋಳು ಪಕ್ಕೆಗೆ ಉಜ್ಜಿದಾಗ ಚರ್ ಚರ್ ಅಂದರೆ ಗ್ರಂಥಾಲಯದಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಲೋಗೋ ಚಿಕ್ಕದಿರಲಿ. ಉದ್ದ ಸೊಂಟದ ಕೆಳಗೆ ನಿಂತರೆ ಸಾಕು, ತೊಡೆವರೆಗೂ ಬಂದರೆ ಬೈಕಿನ ಸೀಟಿನ ಮೇಲೆ ಮುದುಡಿ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ.

ರಾತ್ರಿ ರಿಂಗ್ ರೋಡ್‌ನಲ್ಲಿ ಓಡಾಡುವವರು ಬೆನ್ನಿಗೆ ಬೆಳಕು ಹೊಡೆದರೆ ಮಿನುಗುವ ಪಟ್ಟಿ ಇರುವುದನ್ನೇ ಆರಿಸಿ.

## ಹಂತ 7: ತಂದ ದಿನವೇ ನೀರಿನ ಪರೀಕ್ಷೆ

ವಾಪಸ್ ಕೊಡುವ ಅವಧಿ ಎಷ್ಟು ದಿನ, ನೆನೆಸಿ ನೋಡಿದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಕೊಳ್ಳುವಾಗಲೇ ಕೇಳಿ. ಬಿಲ್ ಫೋಟೋ ತೆಗೆದಿಡಿ.

ಮೊದಲು ತೋಳಿನ ಮೇಲೆ ನಾಲ್ಕು ಹನಿ ಹಾಕಿ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಾಗಿ ಉರುಳಬೇಕು. ಹೊಸ ಜಾಕೆಟ್‌ನಲ್ಲಿ ಹನಿ ಹರಡಿ ಬಟ್ಟೆ ಕಪ್ಪಗಾದರೆ ಮೇಲಿನ ಲೇಪನ ಸರಿ ಇಲ್ಲ. ಶೆಲ್ ಆಗಿದ್ದರೆ ಒಳಗೆ ಬೂದು ಬಣ್ಣದ ಟೀ ಶರ್ಟ್ ಹಾಕಿ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ತಣ್ಣೀರೇ ಇರಲಿ, ಸುಮ್ನೆ ನಿಂತಿರಿ, ಬೆವರಬಾರದು. ಬೂದು ಬಟ್ಟೆಯ ಮೇಲೆ ಒದ್ದೆ ಕಲೆ ಎದ್ದು ಕಾಣುತ್ತದೆ. ಭುಜದ ಹೊಲಿಗೆ, ಜಿಪ್ಪಿನ ಸಾಲು, ಕೊರಳು, ಇಲ್ಲಿ ಕಲೆ ಬಂದರೆ ಸೋರುತ್ತಿದೆ ಅಂತ.

ಮುಂದೆ ಬಳಸುವಾಗ ಬೆನ್ನು, ಮೊಣಕೈ ಒಳಬದಿ ಒದ್ದೆಯಾದರೆ ಹೆಚ್ಚಾಗಿ ಅದು ಸೋರಿಕೆ ಅಲ್ಲ, ನಿಮ್ಮ ಬೆವರು. ಇನ್ನೊಂದು ಸಂಗತಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಮೇಲಿನ ಲೇಪನ ಸವೆದಾಗ ಹೊರಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಪೊರೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಆವಿ ಹೊರಗೆ ಹೋಗಲಾಗದೆ ಒಳಗೇ ತಣ್ಣಗಾಗಿ ನೀರಾಗುತ್ತದೆ. 'ಸೋರ್ತಿದೆ' ಅಂತ ಜಾಕೆಟ್ ಬಿಸಾಡಬೇಡಿ. ಒಗೆದರೆ ಎಷ್ಟೋ ಸಲ ಸರಿಹೋಗುತ್ತದೆ.

## ಹಂತ 8: ಒಗೆಯುವುದು, ಬೇಸಿಗೆಗೆ ಎತ್ತಿಡುವುದು

ಒಗೆದರೆ ಹಾಳಾಗುತ್ತದೆ ಅಂತ ವರ್ಷಗಟ್ಟಲೆ ಒಗೆಯದವರೇ ಜಾಸ್ತಿ. ಹಾಳು ಮಾಡುವುದು ಬೆವರಿನ ಉಪ್ಪು ಮತ್ತು ಜಿಡ್ಡು. ಚೀಟಿ ಓದಿ, ಜಿಪ್, ವೆಲ್ಕ್ರೋ ಎಲ್ಲ ಮುಚ್ಚಿ, ತಣ್ಣೀರು ಅಥವಾ 30 ಡಿಗ್ರಿ ನೀರಿನಲ್ಲಿ, ಸ್ವಲ್ಪವೇ ಲಿಕ್ವಿಡ್ ಸೋಪಿನಲ್ಲಿ ಒಗೆಯಿರಿ. ಬಟ್ಟೆಗೆ ಘಮ ಬರಲಿ ಅಂತ ಹಾಕುವ ಸಾಫ್ಟ್‌ನರ್ ಬೇಡವೇ ಬೇಡ, ಹನಿ ಜಾರುವ ಗುಣವನ್ನು ಅದು ಕೊಲ್ಲುತ್ತದೆ. ಕಲ್ಲಿನ ಮೇಲೆ ಕುಕ್ಕುವುದು, ಬ್ರಷ್ ಹಾಕಿ ತಿಕ್ಕುವುದು, ಹಿಂಡುವುದು, ಮೂರೂ ಬೇಡ. ಬೋರ್ ನೀರು ಗಡಸಾಗಿದ್ದರೆ ಎರಡು ಸಲ ಜಾಲಾಡಿಸಿ, ಸೋಪು ಉಳಿದರೂ ನೀರು ಜಾರುವುದಿಲ್ಲ. ನೆರಳಿನಲ್ಲಿ ಒಣಗಿಸಿ.

ಒಣಗಿದ ಮೇಲೂ ಹನಿ ಉರುಳದಿದ್ದರೆ, ಚೀಟಿಯಲ್ಲಿ ಇಸ್ತ್ರಿಗೆ ಅನುಮತಿ ಇದ್ದರೆ ಮಾತ್ರ, ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಅತಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿ. ಬಿಸಿಗೆ ಲೇಪನ ಮತ್ತೆ ಚುರುಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಇದಕ್ಕೆಂದೇ ಸಿಗುವ ಸ್ಪ್ರೇ ಹೊಡೆಯಬೇಕು.

ಮಾರ್ಚ್ ಬಂತೆಂದರೆ ಹುಷಾರು. ಏಪ್ರಿಲ್, ಮೇ ಹೊತ್ತಿಗೆ ನಮ್ಮ ಕಡೆ ಬಿಸಿಲು ಕೆಲ ದಿನ 42, 43 ಡಿಗ್ರಿ ಮುಟ್ಟುತ್ತದೆ. ಬಿಸಿಲು ಬೀಳುವ ಗೋಡೆಗೆ ಒತ್ತಿದ ತಗಡಿನ ಕಪಾಟು ಒಳಗೆ ಒಲೆಯಾಗುತ್ತದೆ. ಸ್ಕೂಟಿ ಡಿಕ್ಕಿ ಅದಕ್ಕಿಂತ ಕೆಟ್ಟದ್ದು. ಲೇಪನ ಸುಲಿಯುವುದು ಇಲ್ಲಿಯೇ. ಒಗೆದು, ಪೂರ್ತಿ ಒಣಗಿಸಿ, ಮಡಚದೆ ಹ್ಯಾಂಗರ್‌ಗೆ ಹಾಕಿ, ಮನೆಯ ತಂಪಾದ ಕೋಣೆಯಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಹಳೆ ಪಂಚೆ ಹೊದಿಸಿದರೆ ಸಾಕು. ಪುಟ್ಟ ಚೀಲಕ್ಕೆ ತುರುಕಿಡುವ ಜಾಕೆಟ್ ಆದರೂ ಅಷ್ಟೇ, ಆ ಚೀಲ ಪ್ರಯಾಣಕ್ಕೆ ಮಾತ್ರ. ಜೂನ್ ಮೊದಲ ವಾರ, ಮಳೆಗೆ ಮುಂಚೆ, ಹೊರಗೆ ತೆಗೆದು ಮತ್ತೆ ನಾಲ್ಕು ಹನಿ ಹಾಕಿ ನೋಡಿ. ಟೇಪು ಒಂದೆರಡು ಕಡೆ ಎದ್ದಿದ್ದರೆ ಅಂಟಿಸಬಹುದು. ಒಳಗಿನ ಲೇಪನ ಹೊಟ್ಟಾಗಿ ಉದುರುತ್ತಿದ್ದರೆ ಅದಕ್ಕೆ ರಿಪೇರಿ ಇಲ್ಲ. ನನ್ನ ಕಪ್ಪು ಶೆಲ್ ಈಗ ಬೈಕಿನ ಸೀಟಿನ ಮೇಲೆ ಹೊದಿಕೆಯಾಗಿದೆ.